ಶೋವ್ಡೆಯ ಉಪಾಧ್ಯಕ್ಷ

ಗೋಥೆನ್‌ಬರ್ಗ್

ಗದಗಿನ ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ನನ್ನನ್ನು ಊರಾಚೆಯ ಇಂಜಿನಿಯರಿಂಗ್ ಕಾಲೇಜಿನವರು ವಾರಕ್ಕೊಂದು ಕ್ಲಾಸಿಗೆ ಕರೆಯುತ್ತಿದ್ದರು. ಸಂವಿಧಾನದ ಪತ್ರಿಕೆ ಪಾಸಾಗದೆ ಅಲ್ಲಿನ ಹುಡುಗರಿಗೆ ಡಿಗ್ರಿ ಸಿಗುವಂತಿರಲಿಲ್ಲ. ಹಾಗಾಗಿ ಬರುತ್ತಿದ್ದರು, ಬಂದು ತೂಕಡಿಸುತ್ತಿದ್ದರು. ಅವರನ್ನು ಎಬ್ಬಿಸಲು ನಾನು ನಮ್ಮ ಉಪರಾಷ್ಟ್ರಪತಿಗಳ ಪಾಠದಿಂದ ಮೆಲ್ಲಗೆ ಅಮೆರಿಕದ ಉಪಾಧ್ಯಕ್ಷರ ಕಡೆಗೆ ಜಾರುತ್ತಿದ್ದೆ. ಸೆನೆಟ್ಟಿನಲ್ಲಿ ಎತ್ತರದ ಕುರ್ಚಿ, ಆದರೆ ಮತ ಸಮಸಮವಾದರೆ ಮಾತ್ರ ಓಟು. ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ಹಡಗು ಹತ್ತಿ ಹೋದ, ಇನ್ನೊಬ್ಬ ಉಪಾಧ್ಯಕ್ಷನಾದ, ಆಮೇಲೆ ಇಬ್ಬರ ಸುದ್ದಿಯೂ ಬರಲಿಲ್ಲ ಎಂದು ಒಬ್ಬ ಉಪಾಧ್ಯಕ್ಷರೇ ತಮ್ಮ ಹುದ್ದೆಯ ಬಗ್ಗೆ ನಗೆಯಾಡುತ್ತಿದ್ದರಂತೆ. ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನವರೂ ಕಣ್ಣು ಬಿಟ್ಟಿರುತ್ತಿದ್ದರು.

ಹಾಗೆ ಕಣ್ಣು ಬಿಟ್ಟವರಲ್ಲಿ ಮಂಜುನಾಥನೂ ಒಬ್ಬ. ನಾನು ನಿವೃತ್ತಳಾದ ಮೇಲೆ ಒಂದು ದಿನ ಸ್ವೀಡನ್ನಿನಿಂದ ಅವನ ಫೋನು ಬಂತು. ಶೋವ್ಡೆ ಎಂಬ ಊರಿನ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ, ಸುತ್ತಲಿನ ಸಣ್ಣ ಊರುಗಳಲ್ಲಿ ಇರುವ ಕನ್ನಡದ ಮನೆಗಳೆಲ್ಲ ಸೇರಿ ಒಂದು ಕೂಟ ಕಟ್ಟಿಕೊಂಡಿದ್ದಾರೆ. "ಮೇಡಂ, ನಮ್ಮ ಕೂಟದಲ್ಲಿ ಮಾತಾಡ್ತೀರಾ? ಅದೇ ವೈಸ್ ಪ್ರೆಸಿಡೆಂಟ್ ಕತೆಗಳು. ಡಾನ್ಸು, ಹಾಡು ಎಲ್ಲಾ ಆಯ್ತು, ಈ ಸಲ ಏನಾದ್ರೂ ಬೇರೆ ಇರ್ಲಿ ಅಂತ ನಮ್ಮ ಪ್ರಸಾದಣ್ಣ ಅಂದ್ರು." ಮಾತಿನಲ್ಲಿ ಗದಗಿನ ಸೊಲ್ಲೇ ಇರಲಿಲ್ಲ. ಬೆಂಗಳೂರಿನವರ ಜೊತೆ ಇದ್ದು ಇದ್ದು ಒರೆಸಿಹೋಗಿದೆ ಎಂದುಕೊಂಡೆ.

ಅಕ್ಟೋಬರಿನಲ್ಲಿ ಹೋದೆ. ವಿಮಾನ ನಿಲ್ದಾಣಕ್ಕೆ ಇಬ್ಬರೂ ಬಂದಿದ್ದರು. ಪ್ರಸಾದ್ ಕೂಟದ ಅಧ್ಯಕ್ಷರು, ಬೆಂಗಳೂರಿನ ಹನುಮಂತನಗರದವರು, ಐವತ್ತು ತುಂಬದ, ದೊಡ್ಡ ದನಿಯ ಮನುಷ್ಯ. ಮಂಜು ಉಪಾಧ್ಯಕ್ಷ. ಊರು ತೋರಿಸದೆ ಕರೆದುಕೊಂಡು ಹೋಗುವುದಿಲ್ಲ ಎಂದು ಪ್ರಸಾದ್ ನನ್ನನ್ನು ಗೋಥೆನ್‌ಬರ್ಗಿನ ಟ್ರಾಮ್ ಹತ್ತಿಸಿದರು. ನಾನು ಖಾಲಿ ಇದ್ದ ಹತ್ತಾರು ಸೀಟು ಬಿಟ್ಟು, ಒಬ್ಬಂಟಿಯಾಗಿ ಕೂತಿದ್ದ ಹೆಂಗಸಿನ ಪಕ್ಕ ಹೋಗಿ ಕೂತು, ಯಾವ ಕಡೆಯವರು ಎಂದು ವಿಚಾರಿಸಿದೆ. ಆಕೆ ನಕ್ಕು, ಉತ್ತರ ಹೇಳಿ, ಮುಂದಿನ ಸ್ಟಾಪಿನಲ್ಲಿ ಎದ್ದು ಬೇರೆ ಸೀಟಿಗೆ ಹೋದರು.

"ಮೇಡಂ, ಇಲ್ಲಿ ಪಕ್ಕದಲ್ಲಿ ಕೂತ್ರೆ ಒಂದೋ ಸೀಟಿಲ್ಲ ಅಂತರ್ಥ, ಇಲ್ಲ ತಲೆ ಸರಿಯಿಲ್ಲ ಅಂತರ್ಥ," ಎಂದರು ಪ್ರಸಾದ್. ಇಡೀ ಟ್ರಾಮಿನಲ್ಲಿ ನಗುತ್ತಿದ್ದವರು ನಾವು ಮೂವರೇ.

ಆಮೇಲೆ ಕಾಫಿ ಅಂಗಡಿ. ಕಾಫಿ, ಏಲಕ್ಕಿ ಹಾಕಿದ ಬನ್ನು, ಜೊತೆಗೆ ಬಿಡುವಿನ ಮಾತು. ಇದಕ್ಕೆ ಇಲ್ಲಿ ಫೀಕಾ ಎನ್ನುತ್ತಾರೆ. "ದೇವರ ಪೂಜೆ ತಪ್ಪಬಹುದು, ಫೀಕಾ ತಪ್ಪಲ್ಲ," ಎಂದರು ಪ್ರಸಾದ್. ನನಗೂ ಹುರುಪು ಬಂದು ಹಳೆಯ ನಗೆಮಾತು ಹೇಳಿದೆ: ಉಪಾಧ್ಯಕ್ಷನಿಗೆ ದಿನಾ ಇರುವ ಕೆಲಸ ಒಂದೇ, ಬೆಳಿಗ್ಗೆ ಎದ್ದು ಅಧ್ಯಕ್ಷರು ಹೇಗಿದ್ದಾರೆ ಅಂತ ವಿಚಾರಿಸೋದು. ಪ್ರಸಾದ್ ಅಂಗಿಯ ತೋಳು ಮೇಲೆ ಸರಿಸಿ ಮಂಜುವಿನ ಮುಂದೆ ಕೈ ಚಾಚಿದರು. "ನೋಡಪ್ಪಾ, ನಾಡಿ ನೋಡು. ಇನ್ನೂ ಚಾನ್ಸ್ ಇಲ್ಲ ನಿಂಗೆ."

ಮಂಜು ನಿಜಕ್ಕೂ ಎರಡು ಬೆರಳಿಟ್ಟು ನೋಡಿ, "ಗಟ್ಟಿಮುಟ್ಟಾಗಿದೆ ಅಣ್ಣ, ನಾನು ರಾಜೀನಾಮೆ ಕೊಡ್ತೀನಿ," ಎಂದ.

ಶೋವ್ಡೆ

ಶೋವ್ಡೆ ಚೊಕ್ಕ ಊರು. ಬೆಟ್ಟದ ಬುಡ, ಕೆಂಪು ಇಟ್ಟಿಗೆ, ಹಳದಿಯಾಗಿ ಉದುರುತ್ತಿದ್ದ ಮರಗಳು. ಬಾಗಿಲಲ್ಲೇ ಚಪ್ಪಲಿ ಬಿಡುವುದು ನಮ್ಮ ಹಾಗೇ. ಅದೊಂದು ಬಿಟ್ಟರೆ ಮನೆಯೊಳಗಿನ ಸದ್ದೂ ಬೀದಿಗೆ ಬರುವುದಿಲ್ಲ, ಬೀದಿಯ ಸದ್ದೂ ಮನೆಗೆ ಬರುವುದಿಲ್ಲ. ಮೊದಲ ಬೆಳಿಗ್ಗೆ ನನಗೆ ಕಿವಿ ಮಂದವಾಯಿತೇನೋ ಎಂಬ ಗಾಬರಿ. ಕುಕ್ಕರು ಕೂಗಿದ ಮೇಲೆ ಸಮಾಧಾನವಾಯಿತು.

ಕುಕ್ಕರಿಟ್ಟವಳು ಪ್ರಸಾದರ ಹೆಂಡತಿ ಶುಭಾ. ಊರಿನ ಶಿಶುವಿಹಾರದಲ್ಲಿ, ಅಲ್ಲಿನವರ ಮಾತಿನಲ್ಲಿ ಡಾಗಿಸ್‌ನಲ್ಲಿ, ಅವಳಿಗೆ ಅರ್ಧ ದಿನದ ಕೆಲಸ. ಬೇರೆಯವರ ಮಕ್ಕಳಿಗೆ ಮಳೆಯ ಬೂಟು ತೊಡಿಸಿ ತೊಡಿಸಿ ಸ್ವೀಡಿಷ್ ಕಲಿತವಳು. ಮಗಳು ಸಿಂಚನಾ ಶಾಲೆಯ ಕೊನೆಯ ವರ್ಷದಲ್ಲಿದ್ದಳು. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಸ್ವೀಡಿಷ್‌ನಲ್ಲಿ ಉತ್ತರ, ನನಗೆ ಇಂಗ್ಲಿಷಿನಲ್ಲಿ, ಅಪ್ಪನಿಗೆ ಮಾತ್ರ ಹರಕುಮುರುಕು ಕನ್ನಡದಲ್ಲಿ.

ನನ್ನ ಭಾಷಣಕ್ಕೆ ಚಿತ್ರಗಳನ್ನು ಹೊಂದಿಸಿದವಳು ಅವಳೇ. ವಿಮಾನದೊಳಗೆ ಉಪಾಧ್ಯಕ್ಷ ಕೈಯೆತ್ತಿ ಪ್ರಮಾಣ ಮಾಡುತ್ತಿರುವ ಹೆಸರುವಾಸಿ ಫೋಟೊ ಬಂದಾಗ ಕೈ ನಿಲ್ಲಿಸಿದಳು.

"ಪಕ್ಕದಲ್ಲಿರೋದು ಯಾರು ಆಂಟಿ?"

"ಸತ್ತ ಅಧ್ಯಕ್ಷರ ಹೆಂಡತಿ. ಗುಂಡು ತಗುಲಿದಾಗ ಪಕ್ಕದಲ್ಲೇ ಇದ್ದರು. ರಕ್ತ ಹತ್ತಿದ ಬಟ್ಟೆಯಲ್ಲೇ ಬಂದು ನಿಂತಿದಾರೆ."

"ಯಾಕೆ ಅವರನ್ನ ಅಲ್ಲಿ ನಿಲ್ಲಿಸಿದ್ರು?"

ಇಷ್ಟು ವರ್ಷ ಆ ಚಿತ್ರ ತೋರಿಸಿದ್ದೇನೆ, ಎತ್ತಿದ ಕೈಯನ್ನೇ ತೋರಿಸಿದ್ದೇನೆ. ಯಾವ ವಿದ್ಯಾರ್ಥಿಯೂ ಇದನ್ನು ಕೇಳಿರಲಿಲ್ಲ. ಅಧಿಕಾರ ಸರಿಯಾದ ದಾರಿಯಲ್ಲೇ ಕೈ ಬದಲಾಯಿಸಿತು ಎಂದು ದೇಶಕ್ಕೆ ತೋರಿಸಬೇಕಿತ್ತು ಎಂದು ಏನೋ ಹೇಳಿದೆ. ಅವಳು ತಲೆಯಾಡಿಸಿ ಮುಂದಿನ ಚಿತ್ರಕ್ಕೆ ಹೋದಳು.

ಶನಿವಾರ ಮಧ್ಯಾಹ್ನ ಕಾರ್ಯಕ್ರಮ. ಕೂಟಕ್ಕೆ ಬಾಡಿಗೆಗೆ ಸಿಕ್ಕಿದ್ದ ಸಭಾಂಗಣಕ್ಕೆ ನಾವು ಬೆಳಿಗ್ಗೆಯೇ ಹೋದೆವು. ಪ್ರಸಾದ್ ಮತ್ತು ಮಂಜು ಕುರ್ಚಿ ಹಾಕುತ್ತಿದ್ದರು. ಶುಭಾ ಅಡುಗೆಕೋಣೆಯಲ್ಲಿ ಪುಳಿಯೋಗರೆಯ ಡಬ್ಬ ಬಿಚ್ಚುತ್ತಿದ್ದಳು. ಸಿಂಚನಾ ಲ್ಯಾಪ್‌ಟಾಪಿನ ಮುಂದೆ. "ಮೇಡಂ, ಮುಂದಿನ ಸಾಲಲ್ಲಿ ಯಾರೂ ಕೂರಲ್ಲ, ನೋಡ್ತಿರಿ. ಸ್ವೀಡನ್‌ಗೆ ಬಂದ್ರೂ ನಮ್ಮವರು..." ಎನ್ನುತ್ತ ಪ್ರಸಾದ್ ಒಂದು ಕುರ್ಚಿ ಎತ್ತಿದರು. ವಾಕ್ಯ ಮುಗಿಯಲಿಲ್ಲ. ಕುರ್ಚಿಯ ಜೊತೆಗೇ ಬಿದ್ದರು. ಕಾಲು ಜಾರಿತು ಎಂದುಕೊಂಡೆ. ಅವರ ಮುಖ ನೋಡಿದ ಮೇಲೆ ಹಾಗನ್ನಿಸಲಿಲ್ಲ.

ಗೋಡೆಯ ಮೇಲೆ, ನಮ್ಮಲ್ಲಿ ಗಡಿಯಾರ ಇರುವ ಜಾಗದಲ್ಲಿ, ನಿಂತ ಹೃದಯಕ್ಕೆ ಶಾಕ್ ಕೊಡುವ ಯಂತ್ರವಿತ್ತು. ಮಂಜು ಅದನ್ನು ಕಿತ್ತು ತಂದ. ಅಂಗಿ ಹರಿದ. ಯಂತ್ರದೊಳಗಿನ ಹೆಣ್ಣುದನಿಯೊಂದು ಸ್ವೀಡಿಷ್‌ನಲ್ಲಿ, ಅಡುಗೆ ಹೇಳಿಕೊಡುವಷ್ಟು ಶಾಂತವಾಗಿ, ಮುಂದೇನು ಮಾಡಬೇಕೆಂದು ಹೇಳುತ್ತಿತ್ತು. ಅದು ಹೇಳಿದ ಹಾಗೆ ಅವನು ಎದೆ ಒತ್ತಿದ. ಸಿಂಚನಾ ಆಂಬುಲೆನ್ಸಿನವರ ಜೊತೆ ಫೋನಿನಲ್ಲಿ ಸ್ವೀಡಿಷ್‌ನಲ್ಲಿ ವಿಳಾಸ ಹೇಳುತ್ತಿದ್ದಳು, ಒಂದು ಅಕ್ಷರ ತಡವರಿಸದೆ. ಶುಭಾ ಗಂಡನ ಪಾದಗಳನ್ನು ಹಿಡಿದುಕೊಂಡು ಕೂತಿದ್ದಳು. ಮಂಜು ಒತ್ತುತ್ತಲೇ ಇದ್ದ. "ಅಣ್ಣಾ, ಏಳ್ರಿ. ಏಳ್ರಿ ಅಣ್ಣಾ. ಹಿಂಗ್ ಮಾಡಬ್ಯಾಡ್ರಿ." ಒರೆಸಿಹೋಗಿದೆ ಎಂದುಕೊಂಡಿದ್ದ ಗದಗು ಅಲ್ಲಿ ಕೇಳಿತು.

ಆಸ್ಪತ್ರೆ

ಡಾಕ್ಟರು ನಮ್ಮೆದುರು ನಿಂತು ಮಾತಾಡಲಿಲ್ಲ. ಕುರ್ಚಿ ಎಳೆದುಕೊಂಡು, ಶುಭಾಳ ಮೊಣಕಾಲಿಗೆ ತಮ್ಮ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಮೆಲ್ಲಗೆ ಹೇಳಿದರು. ಅವಳು ಸ್ವೀಡಿಷ್‌ನಲ್ಲಿ ಏನೋ ಕೇಳಿದಳು. ಅವರು ಇಲ್ಲ ಎಂದು ತಲೆಯಾಡಿಸಿದರು.

ಆಮೇಲೆ ನಮ್ಮನ್ನು ಒಂದು ಕೋಣೆಗೆ ಕರೆದುಕೊಂಡು ಹೋದರು. ಪ್ರಸಾದರ ತಲೆ ಬಾಚಿದ್ದರು. ಬಿಳಿ ಹೊದಿಕೆ ಎದೆಯವರೆಗೆ. ಪಕ್ಕದಲ್ಲಿ ಮೋಂಬತ್ತಿ, ಒಂದು ಹೂವು. ಚಳಿಯಲ್ಲೂ ಕಿಟಕಿ ಒಂದಿಷ್ಟು ತೆರೆದಿತ್ತು. ಜೀವ ಹೊರಗೆ ಹೋಗಲು ದಾರಿ ಬಿಡುವುದು ಅವರ ಹಳೆಯ ಪದ್ಧತಿಯಂತೆ. ಎಷ್ಟು ಹೊತ್ತು ಬೇಕಾದರೂ ಇರಿ ಎಂದು ನರ್ಸು ಹೇಳಿ, ಕಾಫಿಯ ತಟ್ಟೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಹೋದಳು. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಕಾರಿಡಾರು ತುಂಬಿ, ಯಾರೋ ಬಿಕ್ಕಿ, ಯಾರೋ ಬೈದು, ಯಾರೋ ಆಂಬುಲೆನ್ಸಿಗೆ ಫೋನು ಮಾಡಿ, ಸಂಜೆಯೊಳಗೆ ಎಲ್ಲ ಮುಗಿದಿರುತ್ತಿತ್ತು. ಇಲ್ಲಿ ಯಾರಿಗೂ ಅವಸರವಿರಲಿಲ್ಲ. ಅಂತ್ಯಕ್ರಿಯೆಗೆ ಕೆಲವು ವಾರ ಆಗಬಹುದು, ಅದು ಮಾಮೂಲು ಎಂದರು. ಶುಭಾ ನನ್ನ ಕೈ ಹಿಡಿದು, "ವಾರಗಳಾ ಮೇಡಂ? ಅಷ್ಟು ದಿನ ಇವರು ಒಬ್ರೇ ಎಲ್ಲಿರ್ತಾರೆ?" ಎಂದಳು. ಅವಳ ಅಳು ಶುರುವಾದದ್ದು ಆಗ.

ಬೆಂಗಳೂರಿನಲ್ಲಿದ್ದ ಪ್ರಸಾದರ ಅಣ್ಣನಿಗೆ ವಿಷಯ ತಿಳಿಸಿದವನು ಮಂಜು. ಮೊದಲ ಸಲ ಅವರು ಫೋನೆತ್ತಿದಾಗ ಇವನು ಕಟ್ ಮಾಡಿಬಿಟ್ಟ. ಆ ಕಡೆಯಿಂದ ಅವರೇ ತಿರುಗಿ ಫೋನು ಮಾಡಿ, "ಏನಪ್ಪಾ ಮಂಜು, ಪ್ರಸಾದ ಫೋನ್ ಎತ್ತುತ್ತಾ ಇಲ್ಲ?" ಎಂದರಂತೆ.

ಮತ್ತೆ ಶೋವ್ಡೆ

ನನ್ನ ವಾಪಸು ಟಿಕೆಟ್ಟು ಮುಂದಕ್ಕೆ ಹಾಕಿಸಿದೆ. ಯಾರೂ ಇರಿ ಎಂದು ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಬೆಳಿಗ್ಗೆ ಕುಕ್ಕರಿಡುವ ಕೆಲಸ ನನ್ನದಾಯಿತು.

ಮಂಜು ಕೆಲಸ ಮುಗಿಸಿ ದಿನಾ ಬರುತ್ತಿದ್ದ. ಬಾಗಿಲಲ್ಲಿ ಬೂಟು ಬಿಚ್ಚಿ, ಒಳಗೆ ಬಂದು, ಪ್ರಸಾದ್ ಕೂರುತ್ತಿದ್ದ ಸೋಫಾ ಬಿಟ್ಟು ಊಟದ ಮೇಜಿನ ಕುರ್ಚಿಯಲ್ಲಿ ಕೂರುತ್ತಿದ್ದ. ಮೊದಲ ದಿನ ಕೇಳಿದ: "ವೈನಿ, ನಾ ಏನ್ ಮಾಡ್ಲಿ ಹೇಳ್ರಿ." ಅದುವರೆಗೆ ಅವನು ಅವಳನ್ನು ಅತ್ತಿಗೆ ಎನ್ನುತ್ತಿದ್ದ.

ಇದೇ ಪ್ರಶ್ನೆಯ ಒಂದು ಪ್ರಸಂಗವನ್ನು ನಾನು ಪಾಠದಲ್ಲಿ ಹೇಳುತ್ತಿದ್ದೆ. ಮಹಾಯುದ್ಧದ ಕೊನೆಯ ದಿನಗಳಲ್ಲಿ ಅಮೆರಿಕದ ಅಧ್ಯಕ್ಷರು ತೀರಿಕೊಂಡಾಗ ಉಪಾಧ್ಯಕ್ಷರನ್ನು ಅಧ್ಯಕ್ಷರ ಮನೆಗೆ ಕರೆಸಿದರು. ಅವರಿಗೆ ಅಣುಬಾಂಬು ತಯಾರಾಗುತ್ತಿರುವುದನ್ನೂ ಯಾರೂ ತಿಳಿಸಿರಲಿಲ್ಲ, ಅಷ್ಟು ದೂರ ಇಟ್ಟಿದ್ದರು. ನನ್ನಿಂದೇನಾಗಬೇಕು ಎಂದು ಅವರು ಸತ್ತ ಅಧ್ಯಕ್ಷರ ಹೆಂಡತಿಯನ್ನು ಕೇಳಿದಾಗ, ನಮ್ಮಿಂದ ನಿಮಗೇನಾಗಬೇಕು, ಕಷ್ಟಕ್ಕೆ ಸಿಕ್ಕಿಕೊಂಡವರು ಈಗ ನೀವಲ್ಲವೇ ಎಂದು ಆಕೆ ತಿರುಗಿ ಕೇಳಿದರಂತೆ. ಹೆಣ್ಣೆಂದರೆ ಹೀಗಿರಬೇಕು ಎಂದು ಮುಗಿಸುತ್ತಿದ್ದೆ.

ಶುಭಾ ಹಾಗೇನೂ ಹೇಳಲಿಲ್ಲ. "ನೀವೇನು ಮಾಡಕ್ಕಾಗತ್ತೆ ಮಂಜು? ಬಿಸಿ ಇದೆ, ಊಟ ಮಾಡಿ," ಎಂದಳು. ಅವನು ತಲೆ ಬಗ್ಗಿಸಿ ಉಂಡ.

ಮಾಡಬೇಕಾದದ್ದು ಬೆಟ್ಟದಷ್ಟಿತ್ತು ಎಂದು ತಿಳಿದದ್ದು ಎರಡನೆಯ ವಾರದಲ್ಲಿ. ತಾಯಿ ಮಗಳ ಪರ್ಮಿಟ್ಟು ಪ್ರಸಾದರ ಕೆಲಸದ ಪರ್ಮಿಟ್ಟಿಗೆ ಗಂಟು ಹಾಕಿದ್ದು. ಅವರದು ಬೇಸಿಗೆಯಲ್ಲಿ ಮುಗಿದು, ವಿಸ್ತರಣೆಯ ಅರ್ಜಿ ಕಾಯುತ್ತಿತ್ತು. ಕಾಯುತ್ತಿದ್ದಾಗಲೇ ಅವರು ಹೋದರು. ಈಗ ಶುಭಾ ತನ್ನ ಸ್ವಂತ ಕೆಲಸದ ಮೇಲೆ ಪರ್ಮಿಟ್ಟು ಕೇಳಬೇಕು. ಡಾಗಿಸ್‌ನ ಸಂಬಳ ಕಾನೂನು ಹೇಳುವ ಮಟ್ಟ ಮುಟ್ಟುವುದಿಲ್ಲ. ಅಲ್ಲಿನ ಮುಖ್ಯಸ್ಥೆ ಮನೆಗೇ ಬಂದು ಶುಭಾಳನ್ನು ತಬ್ಬಿಕೊಂಡು, ಪೂರ್ತಿ ದಿನದ ಕೆಲಸ ಕೊಡುತ್ತೇನೆ ಎಂದಳು. ಲೆಕ್ಕ ಹಾಕಿದರೆ ಆಗಲೂ ಮುಟ್ಟುವುದಿಲ್ಲ. ವಕೀಲರು ಅರ್ಜಿ ಹಾಕೋಣ ಎಂದರು, ಆದರೆ ಭರವಸೆ ಕೊಡಲಿಲ್ಲ. ಎಲ್ಲರೂ ಎಷ್ಟು ಒಳ್ಳೆಯವರೆಂದರೆ, ಜಗಳವಾಡಲು ಒಬ್ಬರೂ ಸಿಗುವಂತಿರಲಿಲ್ಲ. ನಮ್ಮ ಕಡೆಯಾದರೆ ಒಬ್ಬ ಸಿಡುಕಿನ ಗುಮಾಸ್ತನಾದರೂ ಸಿಕ್ಕಿ, ಅವನ ಮೇಲೆ ಕೂಗಾಡಿ, ಎದೆ ಹಗುರ ಮಾಡಿಕೊಳ್ಳಬಹುದಿತ್ತು.

ಮಂಜು ಒಂದು ಮನವಿ ಬರೆದ. ಈ ಕುಟುಂಬ ಇಲ್ಲೇ ಬೇರೂರಿದೆ, ಮಗಳು ಶಾಲೆ ಮುಗಿಸುವವರೆಗಾದರೂ ಬಿಡಿ ಎಂದು. ಸಹಿ ಹಾಕಿಸಲು ಕೂಟದ ಮನೆಮನೆಗೆ ಹೋದ. ಒಂದು ಮನೆಗೆ ನಾನೂ ಜೊತೆಗಿದ್ದೆ. ಗಂಡ ಹೆಂಡತಿ ಇಬ್ಬರೂ ಅತ್ತರು. ತಾವು ಬಂದ ಹೊಸದರಲ್ಲಿ ಪ್ರಸಾದರು ಹಾಸಿಗೆ ಹೊತ್ತು ತಂದುಕೊಟ್ಟದ್ದನ್ನು ನೆನೆದರು. ಆಮೇಲೆ ಗಂಡ ಎಂದ: "ಮಂಜು, ಬೇಜಾರ್ ಮಾಡ್ಕೋಬೇಡ. ನಮ್ದೂ ಎಕ್ಸ್‌ಟೆನ್ಷನ್ ನಡೀತಾ ಇದೆ. ನಮ್ಮ ಹೆಸರು ಎಲ್ಲೂ ಬರೋದು ಬೇಡ." ಸಹಿ ಹಾಕಿದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲವೇನೋ. ಆದರೂ ಅವನ ಹೆದರಿಕೆ ಸುಳ್ಳಾಗಿರಲಿಲ್ಲ. ಹೊರಗೆ ಬಂದ ಮೇಲೆ ಮಂಜು ಕಾರಿನ ಕೀಲಿ ತಿರುಗಿಸುತ್ತ ಹೇಳಿದ.

"ಮೇಡಂ, ಪ್ರಸಾದಣ್ಣ ಕೇಳಿದ್ರ ಎಲ್ಲಾರೂ ಹಾಕ್ತಿದ್ರು."

"ಹಾಗೇನಿಲ್ಲ ಮಂಜು."

"ಹಾಕ್ತಿದ್ರು ಮೇಡಂ. ನನ್ನ ಮಾತಿಗೆ ತೂಕ ಇಲ್ರಿ."

ಸಭಾಂಗಣ

ಸಂತಾಪ ಸಭೆ ಅದೇ ಸಭಾಂಗಣದಲ್ಲಿ ನಡೆಯಿತು. ಬೇರೆ ಜಾಗ ಸಿಗಲಿಲ್ಲ. ಯಂತ್ರ ಮತ್ತೆ ಗೋಡೆಯ ಮೇಲಿತ್ತು. ಹೊಸ ಅಧ್ಯಕ್ಷರಾಗಿ ಮಂಜು ಎರಡು ಮಾತಾಡಬೇಕು ಎಂದು ಯಾರೋ ಕೂಗಿದರು. ಅವನು ಎದ್ದು ನಿಂತು, ಮೈಕು ಹಿಡಿದು, ನನ್ನ ಕಡೆ ತಿರುಗಿದ. "ಮೇಡಂ, ನಂಗ ಆಗಂಗಿಲ್ರಿ. ನೀವು ಮಾತಾಡ್ರಿ. ಅಣ್ಣ ನಿಮ್ಮನ್ನ ಕರಿಸಿದ್ದು ಅದಕ್ಕೇ ಅಲ್ಲೇನ್ರಿ?"

ಎದ್ದೆ. ಹೇಳಬೇಕೆಂದಿದ್ದ ನಗೆಮಾತುಗಳು ಯಾವುವೂ ಬಾಯಿಗೆ ಬರುವಂತಿರಲಿಲ್ಲ. ಹಾಗಾಗಿ ಇದ್ದದ್ದನ್ನೇ ಹೇಳಿದೆ. ಎಂಟು ಸಲ ಅಮೆರಿಕದ ಅಧ್ಯಕ್ಷರು ಅಧಿಕಾರದಲ್ಲಿರುವಾಗ ಸತ್ತಿದ್ದಾರೆ, ಎಂಟು ಸಲ ಉಪಾಧ್ಯಕ್ಷರು ಆ ಜಾಗದಲ್ಲಿ ಕೂತಿದ್ದಾರೆ. ಮೊದಲನೆಯವರು ಕೂತಾಗ ಅವರನ್ನು ಏನೆಂದು ಕರೆಯಬೇಕೆಂದೇ ಜನಕ್ಕೆ ಗೊತ್ತಿರಲಿಲ್ಲ. ಆಕಸ್ಮಿಕದಿಂದ ಬಂದವನು ಎಂದು ಹಂಗಿಸಿದರು. ಹಂಗಾಮಿ ಅಧ್ಯಕ್ಷರಿಗೆ ಎಂದು ವಿಳಾಸ ಬರೆದ ಕಾಗದಗಳನ್ನು ಅವರು ಒಡೆಯದೆ ವಾಪಸು ಕಳಿಸುತ್ತಿದ್ದರಂತೆ. ಅವರ ಹಟದಿಂದಲೇ ಮುಂದಿನವರಿಗೆಲ್ಲ ದಾರಿಯಾಯಿತು. ವಿಮಾನದಲ್ಲಿ ಪ್ರಮಾಣ ಮಾಡಿದವರು, ಸತ್ತವರಿಂದ ಆಗದೆ ಉಳಿದಿದ್ದ ಸಮಾನ ಹಕ್ಕಿನ ಕಾನೂನನ್ನು ಹಿಡಿದ ಪಟ್ಟು ಬಿಡದೆ ಮಾಡಿಸಿದರು. ಅದಕ್ಕೆ ನೂರು ವರ್ಷ ಹಿಂದೆ, ಗುಲಾಮರನ್ನು ಬಿಡಿಸಿದ ಅಧ್ಯಕ್ಷರು ಕೊಲೆಯಾದಾಗ ಬಂದ ಉಪಾಧ್ಯಕ್ಷ, ಬಿಡುಗಡೆಯಾದವರ ಕೈಗೆ ಬಂದಿದ್ದ ಹೊಲಗಳನ್ನು ಹಳೆಯ ಯಜಮಾನರಿಗೆ ತಿರುಗಿ ಕೊಡಿಸಿಬಿಟ್ಟ. ಅಣುಬಾಂಬಿನ ಸುದ್ದಿಯೇ ತಿಳಿಯದೆ ಬಂದವರು ಕೆಲವೇ ತಿಂಗಳಲ್ಲಿ ಅದನ್ನು ಹಾಕಿಸಿದರು. ಏನೂ ಇಲ್ಲದ ಹುದ್ದೆ ಅದು, ಒಂದು ಸಾವಿನಿಂದ ಎಲ್ಲವೂ ಆಗುತ್ತದೆ. ಅದನ್ನೇ ನಾನು ಅಷ್ಟು ವರ್ಷ ಬೆರಗಿನಿಂದ ಕಲಿಸಿದೆ ಎಂದೆ.

ಮುಂದಿನ ಸಾಲಿನಲ್ಲಿ ಯಾರೂ ಕೂತಿರಲಿಲ್ಲ. ಹಿಂದಿನಿಂದ ಒಬ್ಬ ಹುಡುಗಿ, ಹೊಸದಾಗಿ ಕೆಲಸಕ್ಕೆ ಬಂದವಳು, ಕೈಯೆತ್ತಿದಳು. "ಮೇಡಂ, ಅವರಿಗೆ ಪವರ್ ಆದ್ರೂ ಬಂತು. ಇಲ್ಲಿ ಮಂಜು ಸರ್‌ಗೆ ಏನ್ ಬಂತು?"

ಮಂಜು ಎದ್ದು, ಹೋಗಿ ಪುಳಿಯೋಗರೆ ಬಡಿಸಲು ಶುರುಮಾಡಿದ.

ಫ್ಲೆಮಿಂಗ್ಸ್‌ಬೆರ್ಯ್

ಸ್ಟಾಕ್‌ಹೋಮಿನ ಮಗ್ಗುಲಲ್ಲಿರುವ ಫ್ಲೆಮಿಂಗ್ಸ್‌ಬೆರ್ಯ್‌ನಲ್ಲಿ ವೈದ್ಯಕೀಯ ವಿಶ್ವವಿದ್ಯಾಲಯದ ಆವರಣವಿದೆ. ಸಿಂಚನಾಗೆ ಅಲ್ಲಿ ವೈದ್ಯಕೀಯ ಸಂಶೋಧನೆಯ ಕೋರ್ಸು ಓದಬೇಕೆಂಬ ಆಸೆ. ಮುಂದೆ ಸೇರಬಯಸುವವರಿಗೆ ತೋರಿಸುವ ದಿನಕ್ಕೆ ಅಪ್ಪ ಮಗಳು ಮೊದಲೇ ಹೆಸರು ಕೊಟ್ಟಿದ್ದರು. "ಕ್ಯಾನ್ಸಲ್ ಮಾಡಲ್ಲ," ಎಂದಳು. ಅಪ್ಪನ ಸೀಟಿನಲ್ಲಿ ನಾನು ಹೋದೆ.

ರೈಲಿನಲ್ಲಿ ನನ್ನ ತಂಗಿ ತುಮಕೂರಿನಿಂದ ಫೋನು ಮಾಡಿದಳು. ನಾನು ಎತ್ತಿ, "ಹಲೋ, ಕೇಳಿಸ್ತಾ ಇದೆಯಾ?" ಎಂದು ಗಟ್ಟಿಯಾಗಿ ಕೂಗಿದೆ. ಎದುರಿನ ಮುದುಕರೊಬ್ಬರು ಏನೂ ಹೇಳದೆ ಕಿಟಕಿಯ ಮೇಲಿನ ಫಲಕವನ್ನು ಬೆರಳಿನಿಂದ ತೋರಿಸಿದರು. ಸದ್ದು ಮಾಡದೆ ಕೂರುವವರಿಗೆಂದೇ ಮೀಸಲಾದ ಡಬ್ಬಿ ಅದು. ನಾಚಿಕೆಯಿಂದ ಫೋನು ಆರಿಸಿ ತಿರುಗಿದರೆ ಸಿಂಚನಾ ಅಳುತ್ತಿದ್ದಳು. ಕೆನ್ನೆ, ಗಲ್ಲ, ಕೊರಳು ಎಲ್ಲ ಒದ್ದೆ, ಉಸಿರಿನ ಸದ್ದೂ ಇಲ್ಲ. ಯಾವಾಗಿನಿಂದ ಅಳುತ್ತಿದ್ದಳೋ ಗೊತ್ತಿಲ್ಲ. ನಾನು ಸೆರಗು ಕೊಟ್ಟೆ. ಬಾಯಿ ನನ್ನ ಕಿವಿಗಿಟ್ಟು, "ಬೇರೆ ಕೋಚ್‌ಗೆ ಹೋಗೋದು ಬೇಡ ಆಂಟಿ. ಇಲ್ಲೇ ಚೆನ್ನಾಗಿದೆ," ಎಂದಳು.

ಆವರಣದಲ್ಲಿ ಗಾಜಿನ ಎತ್ತರದ ಕಟ್ಟಡಗಳು, ಎದುರಿಗೆ ದೊಡ್ಡ ಆಸ್ಪತ್ರೆ. ಒಬ್ಬ ವಿದ್ಯಾರ್ಥಿನಿ ನಮ್ಮ ಗುಂಪಿಗೆ ಪ್ರಯೋಗಾಲಯಗಳನ್ನು ತೋರಿಸಿದಳು. ಹೃದಯದ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಅವು ಮಿಡಿಯುವುದನ್ನು ನೋಡುತ್ತೇವೆ ಎಂದಳಂತೆ. ಸಿಂಚನಾ ಅದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿ, ಮುಂದೆ ಹೋದಳು. ಕೊನೆಯಲ್ಲಿ ಆ ವಿದ್ಯಾರ್ಥಿನಿ, ಬರುವ ವರ್ಷ ಅರ್ಜಿ ಹಾಕುತ್ತೀಯಾ ಎಂದು ಕೇಳಿದಳು. ಸಿಂಚನಾ, "ಯಾ," ಎಂದಳು. ಹೌದು ಎಂಬುದಕ್ಕೆ ಅವರ ಮಾತು ಅದು, ಅಷ್ಟು ನನಗೂ ಬರುತ್ತಿತ್ತು.

ಸ್ಟೇಷನ್ನಿನಲ್ಲಿ ರೈಲು ಕಾಯುತ್ತ ಕೇಳಿದಳು. "ಆ ಪ್ರೆಸಿಡೆಂಟ್ಸ್‌ಗೆ ಮಕ್ಕಳಿದ್ರಲ್ವಾ ಆಂಟಿ? ಅವರೆಲ್ಲಾ ಎಲ್ಲಿಗೆ ಹೋದ್ರು?"

ಅಧ್ಯಕ್ಷರ ಮನೆ ಬಿಟ್ಟು ಹೋದರು. ಇಷ್ಟೇ ನನಗೆ ಗೊತ್ತಿದ್ದದ್ದು. ನೆನಪು ಕೆದಕಿ ಒಂದು ಕತೆ ಹೇಳಿದೆ. ಗುಲಾಮರನ್ನು ಬಿಡಿಸಿದ ಅಧ್ಯಕ್ಷರು ಕೊಲೆಯಾದಾಗ ಅವರ ಹೆಂಡತಿ ಕೋಣೆ ಬಿಟ್ಟು ಹೊರಗೆ ಬರಲಿಲ್ಲ, ಗಂಡನ ಮೆರವಣಿಗೆಗೂ ಹೋಗಲಿಲ್ಲ. ಚಿಕ್ಕ ಮಗ ಜೊತೆಗಿದ್ದ. ಹೊಸ ಅಧ್ಯಕ್ಷನಾದ ಉಪಾಧ್ಯಕ್ಷ, ನಾನು ಹೇಳಿದೆನಲ್ಲ, ಹೊಲಗಳನ್ನು ಕಿತ್ತುಕೊಂಡವನು, ಅವನು ತಿಂಗಳ ಮೇಲೂ ಬೇರೆ ಕಟ್ಟಡದಲ್ಲಿ ಕೂತು ಕೆಲಸ ಮಾಡಿದ. ಮನೆ ಖಾಲಿ ಮಾಡಿ ಎಂದು ಅವಸರಪಡಿಸಲಿಲ್ಲ.

"ಸೋ ಹಿ ವೇಟೆಡ್."

"ಹೌದು. ಕಾದ."

"ಮಂಜು ಅಂಕಲ್ ಕೂಡ ಕಾಯ್ತಾರೆ," ಎಂದಳು. "ಬಟ್ ಮನೆ ಅವರದ್ದಲ್ಲ."

ಬೆಂಗಳೂರು ವಿಮಾನ ನಿಲ್ದಾಣ

ಪ್ರಸಾದರ ದಹನ ಆಯಿತು. ಚರ್ಚಿನ ಪಕ್ಕದ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಕಾರ್ಖಾನೆಯ ಗೆಳೆಯರು ಒಬ್ಬೊಬ್ಬರಾಗಿ ಬಂದು ಪೆಟ್ಟಿಗೆಯ ಮೇಲೆ ಒಂದೊಂದು ಹೂವಿಟ್ಟು, ತಲೆ ಬಾಗಿಸಿ ಹೋದರು. ಮಂಜು ಮೊಬೈಲಿನಲ್ಲಿ ಮಂತ್ರ ಹಾಕಿದ. ಅಸ್ಥಿ ಕೈಗೆ ಬರಲು ಮತ್ತೆ ಕಾಯಬೇಕಾಯಿತು. ಬಂದ ಮೇಲೆ ಅದನ್ನು ಕಾವೇರಿಗೆ ಮುಟ್ಟಿಸುವುದು ಯಾರು ಎಂಬ ಪ್ರಶ್ನೆ.

ವಕೀಲರು ಸ್ಪಷ್ಟವಾಗಿ ಹೇಳಿದ್ದರು. ಅರ್ಜಿ ಬಾಕಿ ಇರುವಾಗ ತಾಯಿ ಮಗಳು ದೇಶ ಬಿಟ್ಟು ಹೋಗಬಹುದು, ತಡೆಯುವವರಿಲ್ಲ. ತಿರುಗಿ ಒಳಗೆ ಬರುವುದಕ್ಕೆ ಮಾತ್ರ ಆಗದು. ಮಂಜುವಿನ ಸ್ವಂತ ವಿಸ್ತರಣೆಯೂ ಕಾಯುತ್ತಿತ್ತು, ಅವನೂ ಹೋಗುವಂತಿರಲಿಲ್ಲ. ಪ್ರಸಾದರ ಅಣ್ಣನಿಗೆ ಸ್ವೀಡನ್ನಿನ ವೀಸಾದ ಸಂದರ್ಶನಕ್ಕೆ ದಿನವೇ ಸಿಕ್ಕಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಶುಭಾ ಚಹಾ ಕೊಡುತ್ತ, "ಸಿಂಚನಾ ಓದು ಮುಗಿಸ್ಲಿ ಮೇಡಂ. ಇವರೂ ಅದನ್ನೇ ಹೇಳ್ತಿದ್ರು. ನಾವು ಇಲ್ಲೇ ಇರ್ತೀವಿ. ನೀವು ತಗೊಂಡು ಹೋಗ್ತೀರಾ?" ಎಂದಳು.

ಗೋಥೆನ್‌ಬರ್ಗಿನ ನಿಲ್ದಾಣದಲ್ಲಿ ತಪಾಸಣೆಯವರು ಅಸ್ಥಿಯ ಕಾಗದ ಓದಿ, ಚೀಲವಿದ್ದ ತಟ್ಟೆಯನ್ನು ತಳ್ಳದೆ ಎರಡು ಕೈಯಿಂದ ಎತ್ತಿ ಇಟ್ಟರು. ಚೀಲವನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡೇ ಬಂದೆ. ನನ್ನ ಮನೆಯವರ ಅಸ್ಥಿಯನ್ನೂ ಮೈದುನ ಹಿಡಿದಿದ್ದನೇ ಹೊರತು ನಾನು ಮುಟ್ಟಿರಲಿಲ್ಲ. ಇವರನ್ನು ನೋಡಿದ್ದು ಒಂದು ವಾರವೂ ಇಲ್ಲ.

ಬೆಂಗಳೂರಿನಲ್ಲಿ ಹೊರಬಾಗಿಲಿನ ಹತ್ತಿರ ಪ್ರಸಾದರ ಅಣ್ಣ ನಿಂತಿದ್ದರು. ಅದೇ ಹಣೆ, ಅದೇ ದೊಡ್ಡ ದನಿ. ಚೀಲ ಕೊಟ್ಟೆ. ಎದೆಗವುಚಿಕೊಂಡರು. ಟ್ಯಾಕ್ಸಿಯವರು, ಹೂಗುಚ್ಛ ಹಿಡಿದವರು ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಆಮೇಲೆ ಕಣ್ಣೊರೆಸಿಕೊಂಡು, ಮರ್ಯಾದೆಯಿಂದಲೇ ಕೇಳಿದರು: "ಅಮ್ಮಾ, ತಪ್ಪು ತಿಳ್ಕೋಬೇಡಿ. ನೀವು ಅವನಿಗೆ ಏನಾಗ್ಬೇಕು?"

"ಭಾಷಣ ಮಾಡಕ್ಕೆ ಹೋಗಿದ್ದೆ," ಎಂದೆ.

ಶ್ರೀರಂಗಪಟ್ಟಣ

ಅರ್ಜಿ ತಿರಸ್ಕಾರವಾದ ಸುದ್ದಿ ಮಾರ್ಚಿನಲ್ಲಿ ಬಂತು. ಮೇಲ್ಮನವಿ ಹಾಕಿದರೂ ಪ್ರಯೋಜನವಿಲ್ಲ ಎಂದರಂತೆ ವಕೀಲರು. ಅಲ್ಲಿ ಶಾಲೆ ಮುಗಿಸಿದ ಮಕ್ಕಳು ಜೂನಿನಲ್ಲಿ ಬಿಳಿ ಟೋಪಿ ಹಾಕಿಕೊಂಡು ಬೀದಿಯಲ್ಲಿ ಕುಣಿಯುತ್ತಾರೆ. ಅದಕ್ಕೆ ಮೊದಲೇ ಸಿಂಚನಾ ಹೊರಡಬೇಕಾಯಿತು. ಮಂಜು ಇಬ್ಬರನ್ನೂ ನಿಲ್ದಾಣಕ್ಕೆ ಬಿಟ್ಟು ಬಂದ. ಕೂಟ ಈಗ ಸೇರುವುದಿಲ್ಲ. ಯಾವುದಾದರೂ ಕಾಗದಕ್ಕೆ ಸಹಿ ಮಾಡಬೇಕಾಗಿ ಬಂದರೆ ಅವನು ಈಗಲೂ ಉಪಾಧ್ಯಕ್ಷ ಎಂದೇ ಬರೆಯುತ್ತಾನಂತೆ.

ಏಪ್ರಿಲಿನಲ್ಲಿ ಶುಭಾ ಫೋನು ಮಾಡಿ, ಸಿಂಚನಾ ಅಪ್ಪನನ್ನು ಬಿಟ್ಟ ಜಾಗ ನೋಡಬೇಕು ಎನ್ನುತ್ತಿದ್ದಾಳೆ, ನೀವೂ ಬನ್ನಿ ಎಂದಳು. ಹೋದೆ. ಪ್ರಸಾದರ ಅಣ್ಣ ಕಾರು ತಂದಿದ್ದರು. ಬಿಸಿಲು ಸುಡುತ್ತಿತ್ತು. ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರು, ಪಿಂಡ ಬಿಡುವವರು, ಪ್ಲಾಸ್ಟಿಕ್ಕು, ಹಾರ. ಸಿಂಚನಾ ಬೂಟು ಬಿಚ್ಚಿ ನೀರಿನ ಅಂಚಿಗೆ ಹೋಗಿ ನಿಂತಳು.

"ದೊಡ್ಡಪ್ಪಾ, ಎಲ್ಲಿ?"

"ಇಲ್ಲೇ ಕಣಮ್ಮ." ಅವರು ಆ ಕಡೆ ಈ ಕಡೆ ನೋಡಿದರು. "ಆವತ್ತು ನೀರು ಮೇಲಿನ ಮೆಟ್ಟಿಲವರೆಗೂ ಇತ್ತು. ಆ ಬಂಡೆ ಮುಳುಗಿತ್ತು. ಆ ಬಂಡೆ ಹತ್ರ... ಇಲ್ಲ, ಇನ್ನೂ ಸ್ವಲ್ಪ ಈ ಕಡೆ ಇರ್ಬೇಕು." ಕೈ ಒಂದು ಕಡೆ ತೋರಿಸಿ, ಇನ್ನೊಂದು ಕಡೆ ತೋರಿಸಿ, ಕೊನೆಗೆ ಕೆಳಗಿಳಿಯಿತು.

ಬಂಡೆಯೂ ಅಲ್ಲ, ಈ ಕಡೆಯೂ ಅಲ್ಲ, ಸಿಂಚನಾ ನಡುನೀರಿನ ಕಡೆಗೆ ಮುಖ ಮಾಡಿ ಮಾತಾಡತೊಡಗಿದಳು. ಅಪ್ಪನ ಜೊತೆ ಆಡುತ್ತಿದ್ದ ಹರಕು ಕನ್ನಡದಲ್ಲಲ್ಲ, ಸ್ವೀಡಿಷ್‌ನಲ್ಲಿ, ತಡೆಯಿಲ್ಲದೆ, ಬಹಳ ಹೊತ್ತು. ಬಟ್ಟೆ ಒಗೆಯುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು. ಅಷ್ಟು ಜನರಲ್ಲಿ ಅದು ತಿಳಿಯುತ್ತಿದ್ದದ್ದು ಶುಭಾ ಒಬ್ಬಳಿಗೇ. ಅವಳು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡಳು.